ಚೊಕ್ಕವ್ವ ಕೆರೆದೆಸೆದ ಬಿಳಿ ನೂಲು

ಬೆಟ್ಟದ ಇಳಿಜಾರಿನಲ್ಲಿ ಒಂದು ಕಾಡು, ಆ ಕಾಡಿನಲ್ಲಿ ಒಂದು ಎಳೆಯ ಧೂಪದ ಮರ. ಮರದ ಬೇರಿನ ಕೆಳಗೆ ಚೊಕ್ಕವ್ವ ಎಂಬ ಇಲಿಯ ಬಿಲ ಇತ್ತು. ಮಕ್ಕಳೇ, ಅಷ್ಟು ಸ್ವಚ್ಛವಾದ ಮನೆ ನೀವು ನೋಡಿರಲಾರಿರಿ. ಬಂದವರೆಲ್ಲ ಕಾಲು ಒರೆಸಿಕೊಂಡೇ ಒಳಗೆ ಬರಬೇಕು. ಪಕ್ಕದ ಮಣ್ಣಿನಲ್ಲಿದ್ದ ಎರೆಹುಳು ಮಲ್ಲಜ್ಜನಿಗೆ ಕಾಲೇ ಇಲ್ಲ, ಆದರೂ ಬಿಡುತ್ತಿರಲಿಲ್ಲ. ಪಾಪ, ಅವನು ಉದ್ದಕ್ಕೂ ಮೈ ಒರೆಸಿಕೊಳ್ಳಬೇಕಿತ್ತು.

ಬೇಸಿಗೆ ಕಾಲಿಡುವ ಹೊತ್ತಿಗೆ ಚೊಕ್ಕವ್ವನಿಗೆ ಐದು ಮರಿಗಳಾದವು. ಹೆಸರಿಡುವ ದಿನ ಗೊತ್ತಾಯಿತು. ಆವತ್ತು ನಾದಿನಿ ಬರುವವಳಿದ್ದಳು. ಅವಳ ಕಣ್ಣೋ, ಮೂಲೆ ಮೂಲೆ ಹುಡುಕಿ ತಪ್ಪು ತೆಗೆಯುವ ಕಣ್ಣು. ಚೊಕ್ಕವ್ವ ಗುಡಿಸಿದಳು, ಸಾರಿಸಿದಳು, ಕೊನೆಗೆ ತಲೆಯೆತ್ತಿ ಚಾವಣಿ ನೋಡಿದಳು. ಬೇರುಗಳ ತುದಿಗೆಲ್ಲ ಬಿಳಿ ನೂಲು ಸುತ್ತಿಕೊಂಡು, ಅಲ್ಲಿಂದ ಮಣ್ಣಿನೊಳಗೆ ಎಲ್ಲೆಲ್ಲಿಗೋ ಹೋಗಿತ್ತು.

ಬೂಷ್ಟು ಹಿಡಿದಿದೆ ಎಂದುಕೊಂಡು ಅವಳು ಉಗುರು, ಹಲ್ಲು ಎರಡನ್ನೂ ಹಾಕಿ ಕೆರೆಯತೊಡಗಿದಳು. ಮಲ್ಲಜ್ಜ ಬಂದು, ಅದು ನೀನು ಬರುವ ಮೊದಲಿನಿಂದಲೂ ಇದೆ, ಅದರ ಪಾಡಿಗೆ ಬಿಡು ಎಂದ. ಹುಟ್ಟಿದಾಗಿನಿಂದ ಮಣ್ಣು ತಿನ್ನುವವರು ತನಗೆ ಸ್ವಚ್ಛತೆಯ ಪಾಠ ಹೇಳುವುದು ಬೇಡ ಎಂದಳು ಚೊಕ್ಕವ್ವ. ಅಜ್ಜ ತನ್ನ ಮಣ್ಣಿಗೆ ಹೊರಟುಹೋದ. ಮೂರು ದಿನ ಕೆರೆದು, ಗೋಡೆಯ ಮಣ್ಣನ್ನೂ ಅಗೆದು, ಒಂದು ಎಳೆಯೂ ಉಳಿಯದಂತೆ ಎಲ್ಲವನ್ನೂ ಬಿಸಿಲಿಗೆ ಎಸೆದಳು.

ಹೆಸರಿಡುವ ಕಾರ್ಯ ಜೋರಾಗಿ ನಡೆಯಿತು. ನಾದಿನಿ ಎಷ್ಟು ಹುಡುಕಿದರೂ ಒಂದು ತಪ್ಪು ಸಿಗದೆ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಹೋದಳು. ಚೊಕ್ಕವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂತೋಷ ಹದಿನೈದು ದಿನವೂ ಬಾಳಲಿಲ್ಲ. ಬಿಸಿಲೇರಿತು. ಸುತ್ತಲಿನ ಮರಗಳೆಲ್ಲ ಹಸಿರಾಗಿದ್ದರೂ ಚೊಕ್ಕವ್ವನ ಮರದ ಎಲೆಗಳು ಮಾತ್ರ ಜೋತುಬಿದ್ದವು. ಒಳಗೆ ಬೇರು ಸೊರಗಿ, ಅದು ಹಿಡಿದುಕೊಂಡಿದ್ದ ಮಣ್ಣು ಉದುರತೊಡಗಿತು. ಒಂದು ಮಧ್ಯಾಹ್ನ ಮುಷ್ಟಿಗಾತ್ರದ ಹೆಂಟೆ ಕಿರಿಯ ಮರಿಯ ಪಕ್ಕದಲ್ಲೇ ಬಿತ್ತು. ಮಳೆಗಾಲ ಬಂದರೆ ಈ ಚಾವಣಿ ನಿಲ್ಲುವುದಿಲ್ಲ, ಮರಿಗಳು ಮಣ್ಣಿನಡಿ ಸೇರುತ್ತವೆ ಎಂದು ಚೊಕ್ಕವ್ವನಿಗೆ ಗೊತ್ತಾಯಿತು. ಅಳುತ್ತ ಮಲ್ಲಜ್ಜನ ಹತ್ತಿರ ಓಡಿದಳು.

ಅಜ್ಜ ಹಳೆಯ ಮಾತು ಎತ್ತಲಿಲ್ಲ. "ಅದು ಬೂಷ್ಟಲ್ಲ ತಾಯಿ, ಅಣಬೆಯ ನೂಲು," ಎಂದ. "ಬೇರು ಗೇಣುದ್ದ ಹೋದರೆ ಆ ನೂಲು ಮಾರುದ್ದ ಹೋಗುತ್ತದೆ. ಕಲ್ಲಿನ ಸಂದಿಯಲ್ಲಿರುವ ನೀರನ್ನೂ ಹೀರಿ ಬೇರಿಗೆ ತಂದು ಕೊಡುತ್ತದೆ. ಮರ ತನ್ನ ಎಲೆಯಲ್ಲಿ ಮಾಡಿದ ಸಿಹಿಯನ್ನು ಅದಕ್ಕೆ ಉಣ್ಣಿಸುತ್ತದೆ. ಮರಕ್ಕೆ ನೀರು ತರುವವರನ್ನೇ ನೀನು ಮನೆಯಿಂದ ಆಚೆ ಹಾಕಿದೆ."

ಇದಕ್ಕೇನು ದಾರಿ ಎಂದು ಅವಳು ಕೇಳಿದಳು. ಮೇಲಿನ ದಿಣ್ಣೆಯ ಹಳೆಯ ಧೂಪದ ಮರದಡಿ, ಮಣ್ಣೊಳಗೆ ನೆಲ್ಲಿಕಾಯಿ ಗಾತ್ರದ ಅಣಬೆಗಳಿವೆ, ಅವನ್ನು ಹೊಟ್ಟೆತುಂಬ ತಿನ್ನು ಎಂದ ಅಜ್ಜ.

"ತಿಂದು?"

"ತಿಂದು ಬಂದು ನಿನ್ನ ಮನೆಯೊಳಗಿನ ಬೇರಿನ ಬುಡದಲ್ಲೇ ಹಿಕ್ಕೆ ಹಾಕು. ಅಣಬೆಯ ಬೀಜ ಹೊಟ್ಟೆಯಲ್ಲಿ ಅರಗುವುದಿಲ್ಲ. ಹಿಕ್ಕೆ ಬಿದ್ದಲ್ಲೇ ಮೊಳೆತು ನೂಲು ಬಿಡುತ್ತದೆ."

ಚೊಕ್ಕವ್ವನ ಮೀಸೆ ನೆಟ್ಟಗಾಯಿತು. ಆ ಕೆಲಸಕ್ಕೆ ಅವಳು ಹಳ್ಳ ದಾಟಿ ಹೋಗುತ್ತಿದ್ದವಳು. ಮನೆಯೊಳಗೆ ಅಂಥದ್ದು ತಮ್ಮ ವಂಶದಲ್ಲೇ ಯಾರೂ ಮಾಡಿಲ್ಲ, ನಾಲ್ಕು ಜನ ಕೇಳಿದರೆ ಏನೆಂದಾರು ಎಂದು ಗೋಳಾಡಿದಳು.

"ಮರಿಗಳು ಉಳಿಯಬೇಕೋ, ನಿನ್ನ ಹೆಸರು ಉಳಿಯಬೇಕೋ, ನೀನೇ ನೋಡು," ಎಂದ ಅಜ್ಜ.

ಚೊಕ್ಕವ್ವ ದಿಣ್ಣೆ ಹತ್ತಿದಳು. ಕೊಳೆತ ಈರುಳ್ಳಿಯ ವಾಸನೆಯ ಅಣಬೆಗಳನ್ನು ಮೂಗು ಮುಚ್ಚಿಕೊಂಡು ತಿಂದಳು. ಮನೆಗೆ ಬಂದು ಬೇರಿನ ಬುಡದಲ್ಲಿ ಕುಳಿತರೆ ನಾಚಿಕೆಯಿಂದ ಏನೂ ಆಗಲೊಲ್ಲದು. ಪಕ್ಕದಲ್ಲೇ ಇದ್ದ ಅಜ್ಜ ಸ್ವಲ್ಪ ಆಚೆ ತಿರುಗಬೇಕು ಎಂದು ಮೆಲ್ಲಗೆ ಕೇಳಿಕೊಂಡಳು.

"ನನಗೆ ಕಣ್ಣೇ ಇಲ್ಲವಲ್ಲೇ, ಎತ್ತ ತಿರುಗಲಿ?" ಎಂದ ಮಲ್ಲಜ್ಜ.

ಚೊಕ್ಕವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲೇ ಕೆಲಸವೂ ಆಗಿಹೋಯಿತು.

ಆಮೇಲೆ ದಿನವೂ ಅದೇ ಓಡಾಟ. ಬೇಸಿಗೆಯ ನಡುವೆ ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ತೇವವಾಯಿತು. ಬೇರಿನ ತುದಿಯಲ್ಲಿ ಒಂದು ಬಿಳಿ ಎಳೆ ಕಂಡಿತು, ವಾರ ಕಳೆದ ಮೇಲೆ ಹತ್ತು ಕಂಡವು. ಜೋತಿದ್ದ ಕೊಂಬೆಯಲ್ಲಿ ಕೆಂಪು ಚಿಗುರು ಒಡೆಯಿತು.

ಮಳೆಗಾಲದ ಮೊದಲ ದೊಡ್ಡ ಮಳೆ ಮಟಮಟ ಮಧ್ಯಾಹ್ನವೇ ಸುರಿಯಿತು. ನೀರು ಇಳಿಜಾರಿನಲ್ಲಿ ಧೋ ಎಂದು ಹರಿಯಿತು. ಚೊಕ್ಕವ್ವ ಐದೂ ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು, ಜೀವ ಕೈಯಲ್ಲಿ ಹಿಡಿದು ಚಾವಣಿಯನ್ನೇ ನೋಡುತ್ತ ಕುಳಿತಳು. ಮಳೆ ನಿಲ್ಲುವವರೆಗೂ ಮೇಲಿನಿಂದ ಒಂದು ಚಿಟಿಕೆ ಮಣ್ಣೂ ಬೀಳಲಿಲ್ಲ. ಚೊಕ್ಕವ್ವ ಆ ದಿನ ಮನೆ ಗುಡಿಸಲೇ ಇಲ್ಲ. ಮರಿಗಳ ಪಕ್ಕದಲ್ಲಿ ಹಾಯಾಗಿ ನಿದ್ದೆ ಹೋದಳು.

ನೀತಿ: ಯಾವುದು ಏನು ಕೆಲಸ ಮಾಡುತ್ತಿದೆ ಎಂದು ತಿಳಿಯದೆ ಅದನ್ನು ಕಸವೆಂದು ಎಸೆಯಬಾರದು.