ಸನ್ಮಾನದ ಗೋಡೆ

ಕೊಟ್ರಬಸಪ್ಪನವರದು ದಾವಣಗೆರೆಯಲ್ಲಿ ಹಳೇ ಗಾರೆಗೋಡೆಯ ಮನೆ. ಸ್ವಿಚ್ಚು ಒತ್ತಿದರೆ ಕಿಡಿ ಹಾರುತ್ತಿತ್ತು. ಹೊಸ ವೈರು ಎಳೆಯಲು ಎಲೆಕ್ಟ್ರಿಷಿಯನ್ ಮಕಬೂಲನನ್ನು ಕರೆಸಿದರು.

"ನೋಡಪ್ಪಾ, ಇದು ನಮ್ಮಜ್ಜ ಕಟ್ಟಿಸಿದ ಗೋಡೆ. ವೈರು ಒಳಗೇ ಹೋಗಬೇಕು, ಹೊರಗೆ ಒಂದು ಗೀರೂ ಕಾಣಬಾರದು. ಕಂಡರೆ ಈ ಊರಲ್ಲಿ ನಿನಗೆ ಬಲ್ಬು ಹಾಕೋ ಕೆಲಸವೂ ಸಿಗದ ಹಾಗೆ ಮಾಡ್ತೀನಿ!" ಎಂದು ಹೇಳಿ ಹೊರಗೆ ಹೋದರು.

ಮಕಬೂಲ ಗೋಡೆ ನೋಡಿದ. ಗೋಡೆ ಕಂಡರೆ ತಾನೆ? ಅದರ ತುಂಬಾ ಯಜಮಾನರಿಗೆ ಆದ ಸನ್ಮಾನಗಳ ಫೋಟೋಗಳು. ಎಲ್ಲದರಲ್ಲೂ ಅದೇ ಪೇಟ, ಅದೇ ಶಾಲು, ಅದೇ ಹಣ್ಣಿನ ಬುಟ್ಟಿ.

ಯಜಮಾನರು ಸಂಜೆ ಬರುವಷ್ಟರಲ್ಲಿ ಅವನು ಫೋಟೋ ಇಳಿಸಿ, ಗೋಡೆ ಕೊರೆದು, ವೈರು ಹುಗಿದು, ಕೊರೆದ ಜಾಗದ ಮೇಲೆ ಅವೇ ಫೋಟೋಗಳನ್ನು ಸಾಲಾಗಿ ನೇತುಹಾಕಿದ್ದ. ಜಂತಿಯಿಂದ ಸ್ವಿಚ್ಚಿನವರೆಗೆ ಬರೀ ಶಾಲು. ಆದರೆ ಕೊನೆಗೆ ಒಂದು ಫೋಟೋ ಕಡಿಮೆ ಬಿದ್ದು, ಅಂಗೈಯಗಲ ಇಟ್ಟಿಗೆ ಇಣುಕುತ್ತಿತ್ತು.

"ಏನಯ್ಯಾ ಈ ತೂತು?" ಯಜಮಾನರು ಗುಡುಗಿದರು.

"ತೂತಲ್ಲ ಸಾರ್, ನಿಮ್ಮ ಮುಂದಿನ ಸನ್ಮಾನಕ್ಕೆ ಹಿಡಿದಿಟ್ಟ ಜಾಗ. ನಾಳೆ ನಮ್ಮ ಎಲೆಕ್ಟ್ರಿಷಿಯನ್ ಸಂಘದಿಂದ ನಿಮಗೆ ಶಾಲು ಹೊದಿಸ್ತೀವಿ."

"ನಿಮಗೂ ಸಂಘ ಇದೆಯೇನೋ?"

"ಈಗ ತಾನೇ ಆಯ್ತು ಸಾರ್. ನಾನೇ ಅಧ್ಯಕ್ಷ."

ಯಜಮಾನರ ಮುಖ ಹೊಸ ಬಲ್ಬಿನ ಹಾಗೆ ಹೊತ್ತಿಕೊಂಡಿತು.

ಶಾಲು ಹೊದಿಸಿದ್ದಾಯಿತು. ಫೋಟೋ ಗೋಡೆಗೇರಿತು, ತೂತು ಮುಚ್ಚಿತು. ಮರುದಿನ ಬೆಳಗಾಗುತ್ತಲೇ ಕೊಟ್ರಬಸಪ್ಪನವರು ಸುತ್ತಿಗೆ ಹಿಡಿದು ಮಕಬೂಲನ ಬಾಗಿಲಲ್ಲಿ ನಿಂತಿದ್ದರು.

"ಬಾರಯ್ಯಾ ಅಧ್ಯಕ್ಷ, ಅಡುಗೆಮನೆ ವೈರೂ ಹಳೇದಾಗಿದೆ. ಗೋಡೆ ಸ್ವಲ್ಪ ಧಾರಾಳವಾಗೇ ಒಡಿ!"