ತಿರುಗದ ಕೀಲಿಕೈಗಳು

"ಸರ್, ಲೆಕ್ಕ ಸರಿಯಾಗಿದ್ದೂ ಔಷಧಿ ಕೆಲಸ ಮಾಡದಿದ್ದರೆ ತಪ್ಪು ಯಾರದು?" ಎಂದು ಮಂದಾಕಿನಿ ಗುರುಗಳನ್ನು ಕೇಳಿದಳು.

ಅವಳು ಹೀಗೆ ಕೇಳಲು ಕಾರಣವಿತ್ತು, ಅದನ್ನು ಮೊದಲು ಹೇಳಬೇಕು. ಮಂದಾಕಿನಿ ಹೊಸ ಔಷಧಿ ಹುಡುಕುವ ಸಂಶೋಧನೆಯಲ್ಲಿದ್ದಳು. ರೋಗಾಣುವಿನ ಒಂದು ಪ್ರೋಟೀನಿಗೆ ಯಾವ ಅಣು ಹೊಂದಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಅವಳು ಆರಿಸಿದ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸುವುದು ಚೆನ್ನವೀರನ ಕೆಲಸ. ಅಂದರೆ ಅವಳು ಹೇಳಿದ್ದನ್ನು ಅವನು ಮಾಡಿ ನೋಡಬೇಕು. ಎಂಟು ತಿಂಗಳಲ್ಲಿ ಅವನು ಆರು ಅಣುಗಳನ್ನು ಮಾಡಿದ, ಆರಕ್ಕೂ ವರದಿ ಬರೆದುಕೊಟ್ಟ. ಪ್ರತಿ ವರದಿಯ ಮೊದಲ ಸಾಲಿನಲ್ಲಿ 'ಕೆಲಸ ಮಾಡಲಿಲ್ಲ' ಎಂದಿತ್ತು; ಅಷ್ಟು ಓದಿ ಅವಳು ವರದಿ ಮುಚ್ಚಿಡುತ್ತಿದ್ದಳು. ಅವಳಿಗೆ ಅವನ ಕೈಗುಣದ ಮೇಲೆಯೇ ಅನುಮಾನ ಬಂತು. ಇನ್ನು ಅವನ ಜೊತೆ ಕೆಲಸ ಮಾಡಲಾರೆ ಎಂದು ಪತ್ರ ಬರೆದು ತಂದಿದ್ದಳು. ಗುರುಗಳು ರುಜು ಹಾಕಿದರೆ ಚೆನ್ನವೀರನಿಗೆ ಅಲ್ಲಿ ಕೆಲಸವಿರುತ್ತಿರಲಿಲ್ಲ.

ಗುರುಗಳು ಪತ್ರ ಓದಿದರು. ರುಜು ಹಾಕದೆ ಒಂದು ಕತೆ ಹೇಳಿದರು.

ಒಬ್ಬ ಔಷಧಿ ವ್ಯಾಪಾರಿಯಿದ್ದ. ಊರಿಗೆ ಜ್ವರ ಬಂದ ಸಮಯದಲ್ಲೇ ಅವನ ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಕಳೆದುಹೋಯಿತು. ಔಷಧಿಯೆಲ್ಲ ಅದರೊಳಗೇ ಇತ್ತು. ಅವನ ಮಗಳೂ ಜ್ವರದಿಂದ ಮಲಗಿದ್ದಳು. ಪೆಟ್ಟಿಗೆಗೆ ಸುತ್ತಿಗೆ ಹಾಕಿದರೆ ಒಳಗಿನ ಸೀಸೆಗಳು ಉಳಿಯುವುದಿಲ್ಲ. ಆದ್ದರಿಂದ ಅವನು ಇಬ್ಬರನ್ನು ಕರೆಸಿದ. ಒಬ್ಬ ಬೀಗದ ಕಿಂಡಿಯಲ್ಲಿ ಇಣುಕಿ, ಕೀಲಿಕೈಗೆ ಎಲ್ಲೆಲ್ಲಿ ಹಲ್ಲಿರಬೇಕೆಂದು ಕಾಗದದ ಮೇಲೆ ಚಿತ್ರ ಬರೆಯಬಲ್ಲವನು. ಇನ್ನೊಬ್ಬ ಅದರಂತೆ ಅರದಿಂದ ಉಜ್ಜಿ ಕೀಲಿಕೈ ಮಾಡುವ ಕಮ್ಮಾರ.

ಮೊದಲನೆಯದು ತಿರುಗಲಿಲ್ಲ. ಕಮ್ಮಾರ ಅದನ್ನು ಮೂಲೆಗೆ ಎಸೆದ. ನಿನ್ನ ಅರ ಜಾರಿದೆ ಎಂದು ಚಿತ್ರ ಬರೆದವನು ಹೇಳಿದ. ನಿನ್ನ ಕಣ್ಣಿಗೆ ಪೊರೆ ಬಂದಿದೆ ಎಂದು ಕಮ್ಮಾರ ಹೇಳಿದ. ಹೀಗೆ ಐದು ಕೀಲಿಕೈಗಳು ಮೂಲೆ ಸೇರಿದವು.

ವ್ಯಾಪಾರಿಯ ಹೆಂಡತಿ ಮಗಳ ಪಕ್ಕದಿಂದ ಎದ್ದು ಬಂದು, ಅವುಗಳನ್ನು ಆಯ್ದು ಬೆಳಕಿಗೆ ಹಿಡಿದಳು. ಉಜ್ಜಿದ ಮೇಲೆ ಕುಲುಮೆಯಲ್ಲಿ ಕಾಯಿಸಿದ್ದರಿಂದ ಕಬ್ಬಿಣ ಕಪ್ಪಗಿತ್ತು. ಒಂದೊಂದರ ಮೇಲೂ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು.

"ಅಣ್ಣಾ, ನೀವು ಹೊರಗಿನಿಂದ ಇಣುಕಿದಿರಿ. ಇದು ಒಳಗೇ ಹೋಗಿ ಬಂದಿದೆ. ಎಲ್ಲಿ ತಡೆಯಿತು ಅಂತ ಇದರ ಮೈಮೇಲೇ ಇದೆಯಲ್ಲ," ಎಂದಳು.

ಚಿತ್ರದವನು ಆ ಗುರುತು ನೋಡಿ ಚಿತ್ರ ತಿದ್ದಿದ. ಕಮ್ಮಾರ ಅಷ್ಟನ್ನೇ ಉಜ್ಜಿ, ಕಾಯಿಸಿ ಮತ್ತೆ ಕಪ್ಪಾಗಿಸಿದ. ಒಳಗಿಟ್ಟು ತೆಗೆದರು, ಮತ್ತೆ ಹೊಳಪು ಹುಡುಕಿದರು, ಮತ್ತೆ ತಿದ್ದಿದರು. ಮೂರನೆಯ ಸಲಕ್ಕೆ ಬೀಗ ತೆರೆಯಿತು. ಸಂಜೆಯೊಳಗೆ ಮಗಳಿಗೆ ಔಷಧಿ ಸಿಕ್ಕಿತು.

ಮಂದಾಕಿನಿಗೆ ನಗು ಬಂತು. ಗುರುತು ಕಣ್ಣೆದುರೇ ಬಿದ್ದಿದ್ದರೂ ನೋಡದ ಅವರಿಬ್ಬರೂ ದಡ್ಡರೇ ಇರಬೇಕು ಎಂದಳು.

ಗುರುಗಳು ಪತ್ರವನ್ನು ಅವಳತ್ತ ಸರಿಸಿದರು.

"ಚೆನ್ನವೀರನ ಆರು ವರದಿಗಳ ಎರಡನೆಯ ಸಾಲಿನಲ್ಲಿ ಏನಿತ್ತಮ್ಮ?"