ಸೋಲಾರ್ ರಿಯಾಯಿತಿಗೊಂದು ಎಣ್ಣೆಸ್ನಾನ

ಸೋಲಾರ್ ಹೀಟರ್ ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆಂದು ಅರ್ಜಿ ಹಿಡಿದು ಕಚೇರಿಗೆ ಅಲೆದೆ. ರಸೀದಿ, ಫೋಟೋ ಎಲ್ಲ ನೋಡಿದ ಅಧಿಕಾರಿ ಶಿವಬಸಪ್ಪನವರು ಮೂರನೇ ಸಲವೂ ಅರ್ಜಿಯನ್ನು ಪಕ್ಕಕ್ಕೆ ತಳ್ಳಿದರು.

“ನೀರು ನಿಜವಾಗಿ ಕಾಯುತ್ತೆ ಅನ್ನೋದಕ್ಕೆ ಪುರಾವೆ ಏನ್ರೀ?”

“ಭಾನುವಾರ ನಮ್ಮನೆಗೇ ಸ್ನಾನಕ್ಕೆ ಬಂದ್ಬಿಡಿ ಸಾರ್,” ಎಂದೆ. ನಾಚಿಕೊಂಡು ಸಹಿ ಹಾಕುತ್ತಾರೆಂದು ನನ್ನ ಜಾಣತನದ ಲೆಕ್ಕ.

ಅವರು ಬಂದೇ ಬಂದರು, ತಲೆಗೆ ಹರಳೆಣ್ಣೆ ಹಚ್ಚಿಕೊಂಡು. ಮುಕ್ಕಾಲು ಗಂಟೆ ಮಿಂದು, ಕೆಂಪಗಾಗಿ ಹೊರಬಂದು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಾ ಸಹಿ ಹಾಕಿದರು. ನಾನು ಅವಳ ಕಡೆ ನೋಡಿ ಮೀಸೆ ತಿರುವಿದೆ.

ಚಪ್ಪಲಿ ಮೆಟ್ಟುತ್ತಾ ಅವರೆಂದರು: “ವರ್ಷಕ್ಕೊಂದ್ಸಲ ಪರಿಶೀಲನೆ ಆಗ್ಬೇಕು. ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬರ್ತೀನಿ.”

ಆ ದಿನ ನಾನು ತಣ್ಣೀರಲ್ಲಿ ಮಿಂದೆ. ಹೆಂಡತಿ ಮಾತ್ರ ಮುಂದಿನ ವರ್ಷಕ್ಕೆಂದು ಈಗಲೇ ಒಂದು ಕಿಲೋ ಸೀಗೆಪುಡಿ ತರಿಸಿಟ್ಟಿದ್ದಾಳೆ.